ಆಯಿಲ್ ಪ್ರೆಶರ್ ಗೇಜ್ ಕೈಕೊಟ್ಟಾಗ: ತೊಂದರೆ ಮುಳ್ಳಿನದೋ, ಎಂಜಿನ್ನಿನದೋ?

ಡೀಸೆಲ್ ಲಾರಿಯ ಡ್ಯಾಶ್‌ಬೋರ್ಡಿನಲ್ಲಿ ಎಷ್ಟೋ ಮುಳ್ಳುಗಳಿರುತ್ತವೆ. ಅವುಗಳಲ್ಲಿ ನಿಜಕ್ಕೂ ಹೆದರಬೇಕಾದದ್ದು ಆಯಿಲ್ ಪ್ರೆಶರ್ ಮುಳ್ಳಿಗೆ. ಡೀಸೆಲ್ ಮುಗಿದರೆ ಗಾಡಿ ನಿಲ್ಲುತ್ತದೆ, ಅಷ್ಟೇ. ಎಂಜಿನ್ ಬಿಸಿಯಾಗುತ್ತಾ ಬಂದರೆ ಬದಿಗೆ ಹಾಕಿ ತಣಿಸಲು ಒಂದಿಷ್ಟು ಹೊತ್ತು ಸಿಗುತ್ತದೆ. ಆಯಿಲ್ ಪ್ರೆಶರ್ ಹೋದರೆ ಆ ಹೊತ್ತು ಸಿಗುವುದಿಲ್ಲ. ಪಿಸ್ಟನ್‌ಗಳು ತಿರುಗಿಸುವ ದಂಡವಾದ ಕ್ರ್ಯಾಂಕಿಗೂ ಅದನ್ನು ಹೊತ್ತಿರುವ ಬೇರಿಂಗಿಗೂ ನಡುವೆ ಇರುವುದು ಕೂದಲೆಳೆಯಷ್ಟು ಸಂದು. ಅದರಲ್ಲಿ ತುಂಬಿರುವ ಆಯಿಲ್ ಹೋಯಿತೆಂದರೆ ಲೋಹಕ್ಕೆ ಲೋಹ ಉಜ್ಜುತ್ತದೆ. ಲೋಡ್ ಹೊತ್ತು ಓಡುವ ಗಾಡಿಯಾದರೆ ಬೇರಿಂಗ್ ಹಾಳಾಗಲು ಕೆಲವೇ ನಿಮಿಷ ಸಾಕು.

ಆದರೆ ಇದೇ ಗೇಜ್ ಸುಳ್ಳು ತೋರಿಸುವುದೂ ಉಂಟು, ಅದೂ ಅಪರೂಪಕ್ಕಲ್ಲ. ಎರಡು ರೂಪಾಯಿಯಷ್ಟೂ ಬಾಳದ ತುಕ್ಕು ಹಿಡಿದ ವೈರ್ ತುದಿ ಮುಳ್ಳನ್ನು ಸೊನ್ನೆಗೆ ಬೀಳಿಸಬಲ್ಲದು. ಹಾಗಾಗಿ ಎರಡೂ ಕಡೆ ನಷ್ಟ ಮಾಡಿಕೊಳ್ಳುವವರಿದ್ದಾರೆ. ಮುಳ್ಳು ಬಿದ್ದ ಕೂಡಲೇ ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಇಳಿಸಿ ಆಯಿಲ್ ಪಂಪ್ ಬದಲಾಯಿಸಿದವರು ಒಂದು ಕಡೆ. ‘ಗೇಜ್ ಕೆಟ್ಟಿದೆ ಬಿಡು’ ಅಂತ ಓಡಿಸಿ ಕ್ರ್ಯಾಂಕ್ ಹಾಳುಮಾಡಿಕೊಂಡವರು ಇನ್ನೊಂದು ಕಡೆ.

ಇದಕ್ಕೆ ನಾನು ಹೇಳುವುದು ಇಷ್ಟು. ಗೇಜ್ ಸುಳ್ಳು ಅಂತ ಖಾತ್ರಿಯಾಗುವ ತನಕ ಅದು ನಿಜವನ್ನೇ ಹೇಳುತ್ತಿದೆ ಅಂತ ನಡೆದುಕೊಳ್ಳಿ. ಆದರೆ ಬೇರೊಂದು ಗೇಜ್ ಹಾಕಿ ಅಳೆಯದೆ ಎಂಜಿನ್‌ಗೆ ಸ್ಪ್ಯಾನರ್ ಹಾಕಬೇಡಿ.

ಮುಳ್ಳು ಬಿತ್ತು, ಈಗ?

ಗಾಡಿಯನ್ನು ಸುರಕ್ಷಿತವಾಗಿ ಬದಿಗೆ ತೆಗೆದು ಎಂಜಿನ್ ಆಫ್ ಮಾಡಿ. ‘ಇನ್ನೊಂದು ಸ್ವಲ್ಪ ದೂರ, ಮುಂದಿನ ಊರಿನ ತನಕ’ ಅನ್ನುವ ಯೋಚನೆ ಬೇಡ. ಸಮತಟ್ಟಾದ ಜಾಗದಲ್ಲಿ ಹತ್ತು ಹದಿನೈದು ನಿಮಿಷ ಬಿಟ್ಟು ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ತೆಗೆಯಿರಿ. ಮೇಲಿನ ಆಯಿಲ್ ಎಲ್ಲ ಚೇಂಬರಿಗೆ ಇಳಿಯಲು ಅಷ್ಟು ಹೊತ್ತು ಬೇಕು.

ಮಟ್ಟ ಕಡಿಮೆಯಿದೆಯೋ ನೋಡಿ. ಜಾಸ್ತಿಯಿದೆಯೋ ಅಂತಲೂ ನೋಡಿ. ಇದನ್ನು ಬಹಳ ಜನ ನೋಡುವುದೇ ಇಲ್ಲ. ಆಯಿಲ್ ಹಾಕದೇನೇ ಮಟ್ಟ ಏರಿದ್ದರೆ ಅದರೊಳಗೆ ಬೇರೇನೋ ಸೇರುತ್ತಿದೆ ಅಂತಲೇ ಅರ್ಥ. ಮೂಸಿದಾಗ ಡೀಸೆಲ್ ವಾಸನೆ ಬಂದು, ಬೆರಳಲ್ಲಿ ಉಜ್ಜಿದಾಗ ನೀರುನೀರಾಗಿದ್ದರೆ ಡೀಸೆಲ್ ಬೆರೆತಿದೆ. ಹಾಲು ಹಾಕಿದ ಕಾಫಿಯ ಬಣ್ಣ ಬಂದಿದ್ದರೆ ಎಂಜಿನ್ ತಣಿಸುವ ಕೂಲೆಂಟ್ ಸೇರಿದೆ. ಎರಡರಲ್ಲಿ ಯಾವುದಾದರೂ ಸರಿ, ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಬೇಡಿ, ಎಳೆಸಿಕೊಂಡೇ ಹೋಗಿ.

ಬಗ್ಗಿ ಕೆಳಗೂ ಒಮ್ಮೆ ನೋಡಿ. ಫಿಲ್ಟರ್ ಸುತ್ತ, ಕೂಲರ್ ಹತ್ತಿರ, ಟರ್ಬೋಗೆ ಹೋಗುವ ಪೈಪಿನಲ್ಲಿ ಹಸಿ ಆಯಿಲ್ ಕಂಡರೆ ಉತ್ತರ ಅಲ್ಲೇ ಸಿಕ್ಕಿತು.

ಪ್ರೆಶರ್ ಹುಟ್ಟುವುದು ಎಲ್ಲಿ?

ಇಲ್ಲೊಂದು ತಪ್ಪು ತಿಳಿವಳಿಕೆ ಎಲ್ಲೆಡೆ ಇದೆ. ಪಂಪ್ ಪ್ರೆಶರ್ ಹುಟ್ಟಿಸುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಆಯಿಲ್ ಪಂಪ್ ಮಾಡುವ ಕೆಲಸ ಒಂದೇ. ಪ್ರತಿ ಸುತ್ತಿಗೆ ಇಷ್ಟು ಅಂತ ಆಯಿಲನ್ನು ಮುಂದಕ್ಕೆ ತಳ್ಳುವುದು. ಆ ಆಯಿಲ್ ಕೂಲರ್ ಮತ್ತು ಫಿಲ್ಟರ್ ದಾಟಿ, ಬ್ಲಾಕಿನ ಉದ್ದಕ್ಕೂ ಇರುವ ಮುಖ್ಯ ಗ್ಯಾಲರಿಗೆ (ಆಯಿಲ್ ಹರಿಯುವ ದಾರಿ) ಬಂದು, ಅಲ್ಲಿಂದ ಬೇರಿಂಗ್‌ಗಳ ಸಣ್ಣ ಸಂದುಗಳಲ್ಲಿ ನುಸುಳಿ ಹೊರಬೀಳಬೇಕು. ಆ ಸಂದುಗಳು ಒಡ್ಡುವ ತಡೆಯಿಂದಲೇ ಪ್ರೆಶರ್ ಹುಟ್ಟುತ್ತದೆ. ನೀರಿನ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ರಭಸವಾಗಿ ಚಿಮ್ಮುತ್ತದೆ, ಬೆರಳು ಸಡಿಲಿಸಿದರೆ ರಭಸ ಇಳಿಯುತ್ತದೆ. ನಲ್ಲಿ ಮಾತ್ರ ಅದೇ ನಲ್ಲಿ. ಬೇರಿಂಗ್ ಸವೆಯುವುದು ಅಂದರೆ ಬೆರಳು ಸಡಿಲವಾದ ಹಾಗೆ.

ಹಾಗಾಗಿ ಮುಳ್ಳು ಎಲ್ಲಿರಬೇಕು ಅನ್ನುವುದು ಮೂರು ಸಂಗತಿಗಳ ಮೇಲೆ ನಿಂತಿದೆ: ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ, ಆಯಿಲ್ ಎಷ್ಟು ಗಟ್ಟಿಯಿದೆ, ಸಂದು ಎಷ್ಟು ದೊಡ್ಡದಾಗಿದೆ. ಮೊದಲೆರಡು ದಿನವಿಡೀ ಬದಲಾಗುತ್ತಲೇ ಇರುತ್ತವೆ. ಲಾರಿಗಳಿಗೆ ಸಾಮಾನ್ಯವಾಗಿ ಹಾಕುವ 15W-40 ಆಯಿಲ್ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದ್ದುದಕ್ಕಿಂತ 100 ಡಿಗ್ರಿಯಲ್ಲಿ ಏಳೆಂಟು ಪಟ್ಟು ತೆಳುವಾಗುತ್ತದೆ. ಬೆಳಿಗ್ಗೆ ತಣ್ಣಗಿರುವ ಎಂಜಿನ್‌ನಲ್ಲಿ ಮುಳ್ಳು ಮೇಲೆ ಹತ್ತಿ ನಿಂತು, ಗಾಡಿ ಓಡಿ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುವಾಗ) ಕೆಳಗಿಳಿಯುವುದು ಇದಕ್ಕೇ. ಅದು ದೋಷವಲ್ಲ.

ಎಷ್ಟು ಇಳಿದರೆ ಪರವಾಗಿಲ್ಲ? ಇದಕ್ಕೆ ನಿಮ್ಮ ಎಂಜಿನ್‌ನ ಮ್ಯಾನ್ಯುಯಲ್ ಹೇಳುವುದೇ ಕೊನೆಯ ಮಾತು. ಅಂದಾಜಿಗೆ ಒಂದು ಉದಾಹರಣೆ ಕೊಡುತ್ತೇನೆ. ಕಮ್ಮಿನ್ಸ್‌ನ 5.9 ಲೀಟರ್ ಬಿ ಸೀರೀಸ್ ಎಂಜಿನ್‌ಗೆ ಬಿಸಿಯಾದಾಗ ಐಡ್ಲಿಂಗ್‌ನಲ್ಲಿ ಕನಿಷ್ಠ 10 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಲೆಕ್ಕ), ಪೂರ್ತಿ ವೇಗದಲ್ಲಿ ಕನಿಷ್ಠ 30 ಪಿಎಸ್‌ಐ ಇರಬೇಕು. ಎಂಜಿನ್ ನಿಮಿಷಕ್ಕೆ ಸುತ್ತುವ ಪ್ರತಿ ಸಾವಿರ ಸುತ್ತಿಗೆ 10 ಪಿಎಸ್‌ಐ ಅನ್ನುವ ಮೆಕ್ಯಾನಿಕ್‌ಗಳ ಹಳೆಯ ಲೆಕ್ಕವೂ ಹೆಚ್ಚುಕಡಿಮೆ ಅಲ್ಲೇ ಬಂದು ನಿಲ್ಲುತ್ತದೆ. ಗೇಜ್ ಬಾರ್ ಲೆಕ್ಕದಲ್ಲಿದ್ದರೆ ಒಂದು ಬಾರ್ ಅಂದರೆ 14.5 ಪಿಎಸ್‌ಐ, ಅಥವಾ 100 ಕಿಲೋಪಾಸ್ಕಲ್.

ನಿಮ್ಮ ಗಾಡಿಯ ಗೇಜ್ ಯಾವ ಜಾತಿಯದ್ದು?

ಇದು ಗೊತ್ತಿಲ್ಲದೆ ಮಾಡುವ ಯಾವ ಪರೀಕ್ಷೆಯೂ ದಾರಿ ತಪ್ಪಿಸುತ್ತದೆ. ಒಂದು ಗಾಡಿಯಲ್ಲಿ ಸರಿ ಅನ್ನಿಸುವ ಲಕ್ಷಣ ಇನ್ನೊಂದರಲ್ಲಿ ಪೂರ್ತಿ ಉಲ್ಟಾ ಇರಬಹುದು.

ಹಳೆಯ ಗಾಡಿಗಳಲ್ಲಿ ಮೆಕ್ಯಾನಿಕಲ್ ಗೇಜ್ ಇರುತ್ತದೆ. ಎಂಜಿನ್‌ನಿಂದ ಒಂದು ಸಣ್ಣ ತಾಮ್ರದ ಅಥವಾ ನೈಲಾನ್ ಟ್ಯೂಬ್ ನೇರ ಡ್ಯಾಶ್‌ಬೋರ್ಡಿಗೆ ಬಂದಿರುತ್ತದೆ. ಗೇಜ್ ಒಳಗೆ ಬಾಗಿದ ಚಪ್ಪಟೆ ನಳಿಕೆಯೊಂದಿದೆ. ಪ್ರೆಶರ್ ಬಂದಾಗ ಅದು ನೆಟ್ಟಗಾಗಲು ನೋಡುತ್ತದೆ, ಆ ಚಲನೆ ಮುಳ್ಳನ್ನು ತಿರುಗಿಸುತ್ತದೆ. 1849ರಲ್ಲಿ ಫ್ರಾನ್ಸಿನ ಯೂಜೀನ್ ಬೂರ್ಡೋನ್ ಪೇಟೆಂಟ್ ಪಡೆದ ಉಪಾಯ ಇದು, ಇವತ್ತಿಗೂ ಇದರಷ್ಟು ನಂಬಿಕಸ್ಥ ಗೇಜ್ ಕಡಿಮೆ. ಇದರಲ್ಲಿ ಕೆಡುವುದು ಹೆಚ್ಚಾಗಿ ಟ್ಯೂಬ್. ಎಲ್ಲೋ ಮಡಿಚಿಕೊಂಡಿರುತ್ತದೆ, ಕಸ ಕಟ್ಟಿಕೊಂಡಿರುತ್ತದೆ, ಇಲ್ಲವೇ ಶೀಟಿಗೆ ಉಜ್ಜಿ ತೂತಾಗಿರುತ್ತದೆ. ತೂತಾದ ಟ್ಯೂಬನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಾದ ಎಕ್ಸಾಸ್ಟ್ ಮೇಲೆ ಆಯಿಲ್ ಚಿಮ್ಮಿದರೆ ಬೆಂಕಿ ಹತ್ತುತ್ತದೆ.

ಆಮೇಲೆ ಬಂದದ್ದು ಎಲೆಕ್ಟ್ರಿಕ್ ಗೇಜ್. ಎಂಜಿನ್ ಬ್ಲಾಕಿಗೆ ಒಂದು ಸೆಂಡರ್ ತಿರುಗಿಸಿರುತ್ತಾರೆ. ಅದರೊಳಗಿನ ಪರದೆ ಪ್ರೆಶರ್‌ಗೆ ಉಬ್ಬಿದಾಗ ಕರೆಂಟಿಗೆ ಒಡ್ಡುವ ತಡೆ, ಅಂದರೆ ಓಮ್‌ನಲ್ಲಿ ಅಳೆಯುವ ರೆಸಿಸ್ಟೆನ್ಸ್, ಬದಲಾಗುತ್ತದೆ, ಮುಳ್ಳು ಅದನ್ನು ತೋರಿಸುತ್ತದೆ. ಇದರಲ್ಲಿ ಎರಡು ಜಾತಿ ಹೆಚ್ಚು ಬಳಕೆಯಲ್ಲಿವೆ. ಯುರೋಪಿನ ವಿಡಿಒ ಮಾದರಿಯಲ್ಲಿ ಪ್ರೆಶರ್ ಸೊನ್ನೆಯಿದ್ದಾಗ 10 ಓಮ್, ಪೂರ್ತಿಯಿದ್ದಾಗ 180 ಓಮ್. ಅಮೆರಿಕದ ಒಂದು ಮಾದರಿಯಲ್ಲಿ ಸೊನ್ನೆಗೆ 240 ಓಮ್, ಪೂರ್ತಿಗೆ 33 ಓಮ್. ಒಂದು ಏರುತ್ತದೆ, ಇನ್ನೊಂದು ಇಳಿಯುತ್ತದೆ. ಥ್ರೆಡ್ ಹೊಂದಿತು ಅಂತ ಸಿಕ್ಕಿದ ಸೆಂಡರ್ ಹಾಕಿದರೆ ಮುಳ್ಳು ತಿರುಗುಮುರುಗಾಗಿ ಓಡಾಡುವುದು ಇದರಿಂದಲೇ. ಎಂಜಿನ್ ಆಫ್ ಇದ್ದಾಗ ಪ್ರೆಶರ್ ತೋರಿಸುತ್ತದೆ, ಸ್ಟಾರ್ಟ್ ಮಾಡಿದರೆ ಕೆಳಗಿಳಿಯುತ್ತದೆ! ಸೆಂಡರ್ ಮತ್ತು ಗೇಜ್ ಜೋಡಿ ಹೊಂದಲೇಬೇಕು.

ಈಗಿನ ಗಾಡಿಗಳಲ್ಲಿ ಮೂರು ವೈರಿನ ಸೆನ್ಸರ್ ಇದೆ. ಅದು ಡ್ಯಾಶ್‌ಬೋರ್ಡಿನ ಜೊತೆ ಮಾತಾಡುವುದೇ ಇಲ್ಲ. ಎಂಜಿನ್ ಕಂಪ್ಯೂಟರಿಗೆ ವೋಲ್ಟೇಜ್ ಕಳಿಸುತ್ತದೆ, ಕಂಪ್ಯೂಟರ್ ಲೆಕ್ಕ ಹಾಕಿ ಡೇಟಾ ಲೈನಿನ ಮೂಲಕ ಮುಳ್ಳನ್ನು ಆಡಿಸುತ್ತದೆ.

ಇನ್ನೊಂದು ಜಾತಿಯ ಗೇಜ್ ಇದೆ, ಅದರ ಬಗ್ಗೆ ನನಗೆ ಸ್ವಲ್ಪವೂ ಒಳ್ಳೆಯ ಅಭಿಪ್ರಾಯವಿಲ್ಲ. ನೋಡಲು ಗೇಜ್, ಹಿಂದೆ ಇರುವುದು ಬರೀ ಆನ್-ಆಫ್ ಸ್ವಿಚ್. ಫೋರ್ಡ್‌ನ 7.3 ಲೀಟರ್ ಪವರ್ ಸ್ಟ್ರೋಕ್ ಡೀಸೆಲ್ ಎಂಜಿನ್ ಇರುವ ಟ್ರಕ್ಕುಗಳಲ್ಲಿ ಹೀಗಿದೆ. ಕೆಲವೇ ಪಿಎಸ್‌ಐ ಪ್ರೆಶರ್ ಇದ್ದರೂ ಸ್ವಿಚ್ ಮುಚ್ಚಿಕೊಂಡು ಮುಳ್ಳು ನಡುವಿಗೆ ಬಂದು ಕೂರುತ್ತದೆ. ಆ ಪ್ರೆಶರ್ ಆರು ಮಡಿ ಹೆಚ್ಚಾದರೂ ಮುಳ್ಳು ಅಲ್ಲೇ. ನಿಮ್ಮ ಗಾಡಿಯ ಮುಳ್ಳು ತಣ್ಣಗಿದ್ದಾಗಲೂ ಬಿಸಿಯಾದಾಗಲೂ, ಐಡ್ಲಿಂಗ್‌ನಲ್ಲೂ ರೇಸ್ ಮಾಡಿದಾಗಲೂ ಒಂದೇ ಜಾಗದಲ್ಲಿ ಅಲುಗಾಡದೆ ನಿಂತಿದ್ದರೆ ಅನುಮಾನಪಡಿ. ಆರೋಗ್ಯವಾಗಿರುವ ಗೇಜ್ ಹಾಗೆ ನಿಲ್ಲುವುದಿಲ್ಲ.

ಮುಳ್ಳಿನ ನಡೆ ನೋಡಿ

ಟೂಲ್ ಕೈಗೆ ತೆಗೆದುಕೊಳ್ಳುವ ಮೊದಲು ಮುಳ್ಳು ಹೇಗೆ ಆಡುತ್ತಿದೆ ಅನ್ನುವುದನ್ನು ಗಮನಿಸಿದರೆ ಅರ್ಧ ಕೆಲಸ ಮುಗಿದ ಹಾಗೆ.

ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ಮುಳ್ಳು ಸೊನ್ನೆಯಲ್ಲಿರಬೇಕು. ಅದಕ್ಕಿಂತ ಮೇಲಿದ್ದರೆ ಅದು ವೈರಿಂಗ್, ಸೆಂಡರ್ ಅಥವಾ ಗೇಜಿನ ದೋಷ, ಎಂಜಿನ್‌ಗೂ ಅದಕ್ಕೂ ಸಂಬಂಧವಿಲ್ಲ.

ನಿಜವಾದ ಆಯಿಲ್ ಪ್ರೆಶರ್ ಎಂಜಿನ್ ವೇಗದ ಜೊತೆ ಏರಿ ಇಳಿಯುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಮುಳ್ಳು ಸೊನ್ನೆಗೆ ಹಾರಿ ಮರುಕ್ಷಣ ವಾಪಸ್ ಬಂದರೆ, ಗುಂಡಿ ಹಾರಿದಾಗಲೆಲ್ಲ ಹೀಗಾದರೆ, ಅದು ಲೂಸ್ ಕಾಂಟ್ಯಾಕ್ಟ್. ಹೆಡ್‌ಲೈಟ್ ಹಾಕಿದಾಗ, ಇಂಡಿಕೇಟರ್ ಮಿಣುಕಿದ ತಾಳಕ್ಕೆ ಮುಳ್ಳು ಕುಣಿದರೆ ಅರ್ಥಿಂಗ್ ಸರಿಯಿಲ್ಲ. ಡೀಸೆಲ್ ಗೇಜ್, ಬಿಸಿಯ ಗೇಜ್ ಕೂಡ ಜೊತೆಗೇ ತಪ್ಪು ತೋರಿಸುತ್ತಿದ್ದರೆ ಸೆಂಡರ್ ಕಡೆ ಹೋಗಲೇಬೇಡಿ. ಡ್ಯಾಶ್‌ಬೋರ್ಡಿನ ಅರ್ಥಿಂಗ್, ಫ್ಯೂಸ್, ವೋಲ್ಟೇಜ್ ನೋಡಿ.

ಇನ್ನು ಬ್ರೇಕ್ ಹಾಕಿದಾಗ, ತಿರುವಿನಲ್ಲಿ, ಏರಿನಲ್ಲಿ ಮಾತ್ರ ಮುಳ್ಳು ಜಗ್ಗಿದರೆ ಅದು ಎಂಜಿನ್ ಕಡೆಯ ಮಾತು. ಚೇಂಬರಿನಲ್ಲಿ ಆಯಿಲ್ ಕಡಿಮೆಯಿದ್ದು ಒಂದು ಬದಿಗೆ ಸರಿದಾಗ ಪಂಪ್ ಗಾಳಿ ಎಳೆಯುತ್ತದೆ. ಬಿಸಿಯಾದಾಗ ಐಡ್ಲಿಂಗ್‌ನಲ್ಲಿ ಮಾತ್ರ ಕಡಿಮೆಯಾಗಿ, ರೇಸ್ ಮಾಡಿದ ಕೂಡಲೇ ಚೆನ್ನಾಗಿ ಏರಿದರೆ ಆಯಿಲ್ ತೆಳುವಾಗಿದೆ, ಇಲ್ಲವೇ ಬೇರಿಂಗ್ ಅಥವಾ ಪಂಪ್ ಸವೆದಿದೆ. ಯಾವ ವೇಗದಲ್ಲೂ ಮೇಲೇಳದೆ ಮಂಕಾಗಿದ್ದರೆ ಹೆಚ್ಚಾದ ಪ್ರೆಶರನ್ನು ಹೊರಬಿಡುವ ರಿಲೀಫ್ ವಾಲ್ವ್ ತೆರೆದೇ ಸಿಕ್ಕಿಕೊಂಡಿರಬಹುದು, ಅಥವಾ ಪಂಪಿಗೆ ಆಯಿಲ್ ಎಳೆಯುವ ಪೈಪಿನಲ್ಲೇ ತೊಂದರೆಯಿರಬಹುದು. ಸ್ಟಾರ್ಟ್ ಮಾಡಿದ ಮೇಲೆ ಮುಳ್ಳು ತೀರಾ ಸೋಮಾರಿಯಾಗಿ ಏರಿದರೆ ಸೆಂಡರಿನ ಸಣ್ಣ ತೂತಿನಲ್ಲಿ ಕೆಸರು ಕಟ್ಟಿರಬಹುದು. ಆದರೆ ಸ್ಟಾರ್ಟ್ ಆಗಿ 15 ಸೆಕೆಂಡಿನೊಳಗೆ ಪ್ರೆಶರ್ ಕಾಣದಿದ್ದರೆ ಕಾರಣ ಹುಡುಕುತ್ತಾ ಎಂಜಿನ್ ಓಡಿಸಬೇಡಿ, ಮೊದಲು ಆಫ್ ಮಾಡಿ.

ವೈರ್ ಹಿಡಿದು ಹೋಗುವುದು

ಮೊದಲು ಸೆಂಡರಿನ ಕನೆಕ್ಟರ್ ಬಿಚ್ಚಿ ಒಳಗೆ ಟಾರ್ಚ್ ಬಿಡಿ. ಇಲ್ಲಿ ಕಾಣುವುದನ್ನು ಸರಿಯಾಗಿ ನೋಡಬೇಕು. ಪಿನ್ ಮೇಲೆ ಹಸಿರು ಪುಡಿಯಿದ್ದರೆ ನೀರು ಹೋಗಿ ತಾಮ್ರ ಕಿಲುಬಿದೆ. ಪಿನ್ ಸುತ್ತ ಕಪ್ಪು ಆಯಿಲ್ ತೊಟ್ಟಿಕ್ಕುತ್ತಿದ್ದರೆ ಸೆಂಡರ್ ಒಳಗಿನ ಪರದೆ ಹರಿದಿದೆ, ಎಂಜಿನ್ ಆಯಿಲ್ ಅದನ್ನು ದಾಟಿ ಹೊರಬರುತ್ತಿದೆ. ಆಗ ಸೆಂಡರ್ ಬದಲಾಯಿಸಿದರೆ ಮಾತ್ರ ಸಾಲದು. ಆಯಿಲ್ ವೈರಿನ ಎಳೆಗಳ ನಡುವೆ ಹೀರಿಕೊಂಡು ಬಹಳ ದೂರ ಹರಿಯುತ್ತದೆ. ಹಾರ್ನೆಸ್ಸಿನ (ವೈರುಗಳ ಕಟ್ಟಿನ) ಇನ್ನೊಂದು ತುದಿಯ ಕನೆಕ್ಟರನ್ನೂ ಬಿಚ್ಚಿ ನೋಡಿ, ಅಲ್ಲೂ ಜಿಡ್ಡು ಸಿಕ್ಕಿದರೆ ಎರಡನ್ನೂ ಎಲೆಕ್ಟ್ರಿಕಲ್ ಕ್ಲೀನರ್ ಹಾಕಿ ತೊಳೆಯಬೇಕು.

ಒಂದೇ ವೈರಿನ ಹಳೆಯ ಸೆಂಡರ್ ಆದರೆ ಪರೀಕ್ಷೆ ಸುಲಭ. ಕೀ ಆನ್ ಮಾಡಿ, ವೈರ್ ಬಿಚ್ಚಿ ಗಾಳಿಯಲ್ಲಿ ಬಿಡಿ. ಮುಳ್ಳು ಒಂದು ತುದಿಗೆ ಹೋಗಬೇಕು. ಅದೇ ವೈರನ್ನು ಬ್ಲಾಕಿಗೆ ಒಂದು ಕ್ಷಣ ಮುಟ್ಟಿಸಿ. ಮುಳ್ಳು ಇನ್ನೊಂದು ತುದಿಗೆ ಬರಬೇಕು. 10–180 ಓಮ್ ಮಾದರಿಯಲ್ಲಿ ಬಿಚ್ಚಿದರೆ ಪೂರ್ತಿ, ಮುಟ್ಟಿಸಿದರೆ ಸೊನ್ನೆ. 240–33 ಓಮ್ ಮಾದರಿಯಲ್ಲಿ ಅದಕ್ಕೆ ವಿರುದ್ಧ. ಮುಳ್ಳು ಎರಡೂ ತುದಿಗೆ ಓಡಾಡಿದರೆ ಗೇಜ್ ಮತ್ತು ವೈರ್ ಸರಿಯಿವೆ. ಉಳಿದದ್ದು ಸೆಂಡರ್, ಇಲ್ಲವೇ ನಿಜವಾದ ಪ್ರೆಶರ್. ಓಡಾಡದಿದ್ದರೆ ಸೆಂಡರ್ ಬದಲಾಯಿಸಿ ಪ್ರಯೋಜನವಿಲ್ಲ, ದೋಷ ವೈರಿನಲ್ಲೋ ಗೇಜಿನಲ್ಲೋ ಇದೆ.

ಎರಡು ಟರ್ಮಿನಲ್ ಇರುವ ವಿಡಿಒ ಸೆಂಡರ್‌ನಲ್ಲಿ ‘ಜಿ’ ಅಂತ ಇರುವುದು ಗೇಜಿಗೆ, ‘ಡಬ್ಲ್ಯುಕೆ’ ಅಂತ ಇರುವುದು ಎಚ್ಚರಿಕೆಯ ಕೆಂಪು ದೀಪಕ್ಕೆ. ಇವೆರಡು ಅದಲುಬದಲಾದರೆ ಮುಳ್ಳು ಈ ತುದಿ ಬಿಟ್ಟರೆ ಆ ತುದಿ, ನಡುವೆ ನಿಲ್ಲುವುದೇ ಇಲ್ಲ. ಯಾರಾದರೂ ಇತ್ತೀಚೆಗೆ ಆ ಜಾಗದಲ್ಲಿ ಕೈ ಹಾಕಿದ್ದರೆ ಇದನ್ನು ಮೊದಲು ನೋಡಿ.

ಒಂದು ವೈರಿನ ಸೆಂಡರಿಗೆ ಬ್ಲಾಕೇ ಅರ್ಥಿಂಗ್. ಥ್ರೆಡ್ಡಿಗೆ ಟೆಫ್ಲಾನ್ ಟೇಪನ್ನು ದಪ್ಪಗೆ ಸುತ್ತಿದರೆ ಅರ್ಥಿಂಗ್ ಕೆಡಬಹುದು, ಹರಿದ ಟೇಪಿನ ಚೂರು ಆಯಿಲ್ ದಾರಿಯಲ್ಲೂ ಸಿಕ್ಕಿಕೊಳ್ಳಬಹುದು. ಬ್ಲಾಕಿನ ಅರ್ಥಿಂಗ್ ನೋಡಲು ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಇಟ್ಟು ಲೈಟುಗಳನ್ನೆಲ್ಲ ಹಾಕಿ. 0.2 ವೋಲ್ಟ್‌ಗಿಂತ ಜಾಸ್ತಿ ಬಂದರೆ ಅರ್ಥಿಂಗ್ ಪಟ್ಟಿ ಬಿಚ್ಚಿ ಉಜ್ಜಿ ಬಿಗಿಮಾಡಿ.

ಮೂರು ವೈರಿನ ಸೆನ್ಸರ್‌ನಲ್ಲಿ ಈ ವೈರ್ ಮುಟ್ಟಿಸುವ ಆಟ ಬೇಡವೇ ಬೇಡ. ಅದರಲ್ಲಿ ಒಂದು 5 ವೋಲ್ಟ್ ವೈರ್ ಇರುತ್ತದೆ, ಎಷ್ಟೋ ಗಾಡಿಗಳಲ್ಲಿ ಅದೇ ಲೈನಿನಿಂದ ಬೇರೆ ಸೆನ್ಸರ್‌ಗಳಿಗೂ ಸಪ್ಲೈ ಹೋಗುತ್ತದೆ. ತಪ್ಪಿ ಬ್ಲಾಕಿಗೆ ಮುಟ್ಟಿಸಿದರೆ ಒಂದು ತೊಂದರೆ ಹತ್ತಾಗುತ್ತದೆ. ಮಲ್ಟಿಮೀಟರ್ ಮಾತ್ರ ಬಳಸಿ. ಕನೆಕ್ಟರ್ ಬಿಚ್ಚಿದಾಗ ಸಪ್ಲೈ ಮತ್ತು ಅರ್ಥಿಂಗ್ ಪಿನ್ ನಡುವೆ 5 ವೋಲ್ಟ್ ಬರಬೇಕು. ಕನೆಕ್ಟರ್ ಹಾಕಿ, ಎಂಜಿನ್ ಆಫ್ ಇಟ್ಟು ಕೀ ಆನ್ ಮಾಡಿದಾಗ ಸಿಗ್ನಲ್ ವೈರಿನಲ್ಲಿ ಬಹುತೇಕ ಸೆನ್ಸರ್‌ಗಳು ಅರ್ಧ ವೋಲ್ಟಿನ ಆಸುಪಾಸು ತೋರಿಸುತ್ತವೆ. ಪ್ರೆಶರ್ ಏರಿದಂತೆ ಅದು 4.5 ವೋಲ್ಟಿನ ಕಡೆಗೆ ಏರುತ್ತದೆ.

ಎಂಜಿನ್ ಕಂಪ್ಯೂಟರಿನ ದೋಷದ ಕೋಡ್ ಓದುವ ಸ್ಕ್ಯಾನರ್ ಇದ್ದರೆ ಇನ್ನೂ ಒಳ್ಳೆಯದು. ದೊಡ್ಡ ಲಾರಿಗಳಲ್ಲಿ ಆಯಿಲ್ ಪ್ರೆಶರ್‌ಗೆ ಎಸ್‌ಪಿಎನ್ 100 ಅನ್ನುವ ಕೋಡ್ ಇದೆ. ಅದರ ಪಕ್ಕದ ಎಫ್‌ಎಂಐ, ಅಂದರೆ ದೋಷ ಯಾವ ಬಗೆಯದ್ದು ಅಂತ ಹೇಳುವ ಸಂಖ್ಯೆಯೇ ಮುಖ್ಯ. 3 ಅಥವಾ 4 ಇದ್ದರೆ ಸೆನ್ಸರಿನ ವೋಲ್ಟೇಜ್ ತೊಂದರೆ, ಅಂದರೆ ವೈರ್ ಅಥವಾ ಸೆನ್ಸರ್ ಕಡೆ ಹುಡುಕಬೇಕು. 1 ಅಥವಾ 18 ಇದ್ದರೆ ಸೆನ್ಸರ್ ಕಳಿಸುತ್ತಿರುವ ಸಿಗ್ನಲ್ ಕ್ರಮವಾಗಿಯೇ ಇದೆ, ಪ್ರೆಶರೇ ಕಡಿಮೆ ಅಂತ ಕಂಪ್ಯೂಟರ್ ಹೇಳುತ್ತಿದೆ. ಕೋಡ್ ಓದಿದವರು ‘ಎಸ್‌ಪಿಎನ್ 100 ಬಂದಿದೆ, ಸೆನ್ಸರ್ ಹೋಗಿದೆ’ ಅಂತ ಅಷ್ಟಕ್ಕೇ ಮುಗಿಸಿದರೆ ಒಪ್ಪಬೇಡಿ, ಎಫ್‌ಎಂಐ ಎಷ್ಟು ಅಂತ ಕೇಳಿ.

ತೀರ್ಪು ಕೊಡುವ ಗೇಜ್

ಇಷ್ಟೆಲ್ಲ ಆದರೂ ಖಾತ್ರಿಯಾಗುವುದು ಮೆಕ್ಯಾನಿಕಲ್ ಟೆಸ್ಟ್ ಗೇಜ್ ಹಾಕಿದಾಗಲೇ. ಸುಮ್ನೆ ಹೊಸ ಸೆಂಡರ್ ಹಾಕಿ ನೋಡೋಣ ಅನ್ನುವುದಕ್ಕಿಂತ ಇದು ಎಷ್ಟೋ ವಾಸಿ. ಹೊಸ ಸೆಂಡರೂ ತಪ್ಪು ಮಾದರಿಯದ್ದಾಗಿರಬಹುದು, ಕೆಟ್ಟದ್ದೂ ಇರಬಹುದು.

ಸೆಂಡರ್ ಬಿಚ್ಚಿದ ಜಾಗಕ್ಕೋ, ಮುಖ್ಯ ಗ್ಯಾಲರಿಯ ಬೇರೆ ಪ್ಲಗ್ ಇರುವ ಜಾಗಕ್ಕೋ ಗೇಜಿನ ಹೋಸ್ ಹಾಕಬೇಕು. ಥ್ರೆಡ್ ಸರಿಯಾಗಿ ಹೊಂದುವ ಅಡಾಪ್ಟರ್ ಇಲ್ಲದೆ ಬಲವಂತ ಮಾಡಬೇಡಿ. ಕೈಯಲ್ಲೇ ಮೂರು ನಾಲ್ಕು ಸುತ್ತು ಹೋಗದಿದ್ದರೆ ಅದು ಬೇರೆ ಥ್ರೆಡ್. ‘ಟಿ’ ಫಿಟ್ಟಿಂಗ್ ಸಿಕ್ಕರೆ ಒಂದು ಬದಿಗೆ ಸೆಂಡರ್, ಇನ್ನೊಂದು ಬದಿಗೆ ಟೆಸ್ಟ್ ಗೇಜ್ ಹಾಕಿ. ಡ್ಯಾಶ್‌ಬೋರ್ಡ್ ಮುಳ್ಳು ಮತ್ತು ನಿಜವಾದ ಪ್ರೆಶರ್ ಎರಡನ್ನೂ ಒಟ್ಟಿಗೇ ಹೋಲಿಸಬಹುದು. ಹೋಸ್ ಫ್ಯಾನಿಗೂ ಎಕ್ಸಾಸ್ಟಿಗೂ ತಾಗದ ಹಾಗೆ ಕಟ್ಟಿ. ಎಂಜಿನ್ ಬಿಸಿಯಿದ್ದಾಗ ಸೆಂಡರ್ ಬಿಚ್ಚಿದರೆ ಕೈ ಸುಡುತ್ತದೆ, ತಣ್ಣಗಿದ್ದಾಗಲೇ ಜೋಡಿಸಿ ಆಮೇಲೆ ಬಿಸಿಮಾಡಿ.

ಸ್ಟಾರ್ಟ್ ಮಾಡಿದ ಕೂಡಲೇ ಲೀಕ್ ನೋಡಿ. ಆಮೇಲೆ ಎಂಜಿನ್ ಪೂರ್ತಿ ಬಿಸಿಯಾಗಲು ಬಿಡಿ. ತಣ್ಣಗಿರುವಾಗ ಬಂದ ಒಳ್ಳೆಯ ಅಂಕಿಯನ್ನು ನಂಬಿ ಗೇಜ್ ಕಳಚಿದರೆ ಪರೀಕ್ಷೆ ಮಾಡಿಯೂ ಮಾಡದ ಹಾಗೆ, ಯಾಕೆಂದರೆ ಸವೆದ ಎಂಜಿನ್ ಕೂಡ ತಣ್ಣಗಿದ್ದಾಗ ಚೆನ್ನಾಗಿಯೇ ತೋರಿಸುತ್ತದೆ. ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಎಷ್ಟು, ಸಾವಿರ ಸುತ್ತಿನಲ್ಲಿ ಎಷ್ಟು, ಪೂರ್ತಿ ವೇಗದಲ್ಲಿ ಎಷ್ಟು ಅಂತ ಬರೆದುಕೊಂಡು ಮ್ಯಾನ್ಯುಯಲ್ ಜೊತೆ ಹೋಲಿಸಿ.

ಪ್ರೆಶರ್ ನಿಜವಾಗಿಯೂ ಕಡಿಮೆಯಿದ್ದರೆ

ಸುಲಭದ್ದನ್ನು ಮೊದಲು ನೋಡಿ. ಆಯಿಲ್ ಮಟ್ಟ, ಆಯಿಲ್ ಗ್ರೇಡ್, ಬದಲಾಯಿಸಿ ಎಷ್ಟು ದಿನವಾಯಿತು. ಫಿಲ್ಟರ್ ಕಟ್ಟಿಕೊಂಡರೆ ಬೈಪಾಸ್ ವಾಲ್ವ್ ತೆರೆದು ಸೋಸದ ಆಯಿಲ್ ನೇರ ಬೇರಿಂಗಿಗೆ ಹೋಗುತ್ತದೆ. ಹಾಗಾಗಿ ಪ್ರೆಶರ್ ಸ್ವಲ್ಪವೇ ಕಡಿಮೆಯಾದರೂ ಒಳಗಿನ ಹಾನಿ ದೊಡ್ಡದು. ಆಯಿಲ್ ಅತಿಯಾಗಿ ತುಂಬಿದರೂ ಪ್ರೆಶರ್ ಬೀಳುತ್ತದೆ. ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ, ಪಂಪ್ ಆಯಿಲ್ ಬದಲು ಗಾಳಿ ಕುಡಿಯುತ್ತದೆ.

ಡೀಸೆಲ್ ಬೆರೆತಿದ್ದರೆ ಆಯಿಲ್ ಬದಲಾಯಿಸಿದಾಗ ಪ್ರೆಶರ್ ವಾಪಸ್ ಬರುತ್ತದೆ, ಆದರೆ ಕೆಲವೇ ದಿನ. ಸೋರುವ ಇಂಜೆಕ್ಟರ್, ಡೀಸೆಲ್ ಪಂಪಿನ ಸೀಲ್, ಹೊಸ ಗಾಡಿಯಾದರೆ ಮತ್ತೆ ಮತ್ತೆ ಅರ್ಧಕ್ಕೇ ನಿಲ್ಲುವ ಡಿಪಿಎಫ್ ರೀಜನರೇಷನ್ (ಹೊಗೆಯ ಫಿಲ್ಟರಿನಲ್ಲಿ ಕಟ್ಟಿದ ಮಸಿಯನ್ನು ಸುಡುವುದು), ಇವುಗಳಲ್ಲಿ ಯಾವುದು ಅಂತ ಪತ್ತೆ ಮಾಡಲೇಬೇಕು.

ನಂತರ ಹಳೆಯ ಫಿಲ್ಟರನ್ನು ಕತ್ತರಿಸಿ, ಕಾಗದದ ಮಡಿಕೆಗಳನ್ನು ಬಿಡಿಸಿ ಬಿಸಿಲಿಗೆ ಹಿಡಿಯಿರಿ. ನಾನು ಇದನ್ನು ಚೇಂಬರ್ ಇಳಿಸುವ ಮೊದಲೇ ಮಾಡಬೇಕು ಅನ್ನುತ್ತೇನೆ, ಯಾಕೆಂದರೆ ಖರ್ಚಿಲ್ಲದೆ ಎಂಜಿನ್ ಒಳಗಿನ ಸುದ್ದಿ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಸಿಗುವುದಿಲ್ಲ. ತಾಮ್ರದ ಬಣ್ಣದ ಮಿಂಚು ಕಂಡರೆ ಬೇರಿಂಗಿನ ಮೇಲಿನ ಪದರ ಸವೆದು ಒಳಗಿನ ಪದರ ತಲುಪಿದೆ. ಅಯಸ್ಕಾಂತಕ್ಕೆ ಅಂಟುವ ಚೂರುಗಳಿದ್ದರೆ ಅವು ಕಬ್ಬಿಣ ಅಥವಾ ಉಕ್ಕಿನ ಭಾಗಗಳವು, ಗೇರ್ ಅಥವಾ ಕ್ಯಾಮ್ ಕಡೆಯಿಂದ ಬಂದಿರಬಹುದು. ಫಿಲ್ಟರ್ ಶುಚಿಯಾಗಿದ್ದು ಪ್ರೆಶರ್ ಎಲ್ಲ ವೇಗದಲ್ಲೂ ಕಡಿಮೆಯಿದ್ದರೆ ರಿಲೀಫ್ ವಾಲ್ವ್ ಬಿಚ್ಚಿ ನೋಡಿ. ಸಣ್ಣ ಕಸವೊಂದು ಅದನ್ನು ಮುಚ್ಚಲು ಬಿಡದಿದ್ದರೆ, ಮುರಿದ ಸ್ಪ್ರಿಂಗ್ ಇದ್ದರೆ, ಅಷ್ಟರಲ್ಲೇ ಕೆಲಸ ಮುಗಿಯಬಹುದು. ಚೇಂಬರ್ ಇಳಿಸಲೇಬೇಕಾದರೆ ಪಂಪಿಗೂ ಮೊದಲು ಆಯಿಲ್ ಎಳೆಯುವ ಪಿಕಪ್ ಪೈಪ್ ನೋಡಿ: ಜಾಲರಿಯಲ್ಲಿ ಕೆಸರು, ಪೈಪಿನಲ್ಲಿ ಬಿರುಕು, ಗಟ್ಟಿಯಾದ ಸೀಲ್.

ಮುಳ್ಳು ಜಾಸ್ತಿ ತೋರಿಸುವ ತೊಂದರೆ ಕಡಿಮೆ. ತಣ್ಣನೆ ಎಂಜಿನ್‌ನಲ್ಲಿ ಅದು ಸಹಜ. ಬಿಸಿಯಾದ ಮೇಲೂ ಮುಳ್ಳು ಮೇಲ್ತುದಿಯಲ್ಲೇ ಇದ್ದರೆ ಮೊದಲು ವೈರ್ ತುಂಡಾಗಿದೆಯೋ ಬ್ಲಾಕಿಗೆ ತಾಗುತ್ತಿದೆಯೋ ನೋಡಿ, ಯಾವುದು ಅನ್ನುವುದು ನಿಮ್ಮ ಸೆಂಡರ್ ಜಾತಿಯ ಮೇಲಿದೆ. ಟೆಸ್ಟ್ ಗೇಜ್ ಕೂಡ ಹಾಗೇ ತೋರಿಸಿದರೆ ರಿಲೀಫ್ ವಾಲ್ವ್ ಮುಚ್ಚಿ ಸಿಕ್ಕಿಕೊಂಡಿದೆ, ಇಲ್ಲವೇ ಬೇಕಾದ್ದಕ್ಕಿಂತ ಗಟ್ಟಿ ಆಯಿಲ್ ಹಾಕಲಾಗಿದೆ. ಬಿಟ್ಟರೆ ಫಿಲ್ಟರ್ ಸೀಲ್ ಒಡೆದು ಆಯಿಲೆಲ್ಲ ರಸ್ತೆಗೆ ಹೋಗುವ ಅಪಾಯವಿದೆ.

ಸವೆದ ಎಂಜಿನ್‌ಗೆ ದಪ್ಪ ಆಯಿಲ್ ಹಾಕಿ ಮುಳ್ಳನ್ನು ಮೇಲಕ್ಕೆ ತರುವ ಉಪಾಯ ಹಲವರು ಹೇಳುತ್ತಾರೆ. ಮುಳ್ಳು ಏರುತ್ತದೆ, ನಿಜ. ಬೇರಿಂಗಿನ ಸಂದು ಮಾತ್ರ ಅಷ್ಟೇ ಇರುತ್ತದೆ. ತಣ್ಣಗಿರುವಾಗ ಆ ಆಯಿಲ್ ಟರ್ಬೋ ಮತ್ತು ಮೇಲಿನ ರಾಕರ್ ತಲುಪಲು ಇನ್ನೂ ಹೊತ್ತು ಹಿಡಿಯುತ್ತದೆ. ರಿಪೇರಿಗೆ ಗಾಡಿ ಬಿಡುವ ತನಕ ನಾಲ್ಕು ದಿನ ಓಡಿಸಲು ಹಾಗೆ ಮಾಡಿದರೂ, ಪ್ರತಿದಿನ ಬಿಸಿ ಐಡ್ಲಿಂಗ್‌ನ ಅಂಕಿ ಬರೆದಿಡಿ. ಅದು ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ನಾಲ್ಕು ದಿನವೂ ಕಾಯಬೇಡಿ.